‘ತಯಾರಿ’ ಕನ್ನಡವಲ್ಲವೇ?

ಪತ್ರ: ಮಗ ಪಿಡಿಒ ಪರೀಕ್ಷೆಗೆ ಓದುತ್ತಿದ್ದಾನೆ. ಅದಕ್ಕೆ ‘ಪ್ರಿಪರೇಶನ್’ ಅಂತಾನೆ. ನಾನು ‘ತಯಾರಿ ಆಯ್ತಾ?’ ಅಂದರೆ, ಅದು ಕನ್ನಡವಲ್ಲ, ‘ಸಿದ್ಧತೆ’ ಅನ್ನು ಎಂದು ತಿದ್ದುತ್ತಾನೆ. ಈ ಪದಗಳ ಮೂಲವೇನು?
– ಓದುಗರೊಬ್ಬರು, ಜಮಖಂಡಿ

ಉತ್ತರ: ಅಕ್ಕಾವರೇ, ಮೊದಲು ಇಂಗ್ಲಿಷ್ ಪದ ನೋಡೋಣ. ಅದರ ಬೇರು ಲ್ಯಾಟಿನ್ನಿನಲ್ಲಿದೆ. ‘ಪ್ರೆ’ ಅಂದರೆ ಮುಂಚೆ, ‘ಪರಾರೆ’ ಅಂದರೆ ಅಣಿಮಾಡು. ಫ್ರೆಂಚಿನ ಮೂಲಕ 14ನೇ ಶತಮಾನದ ಕೊನೆಗೆ ಇಂಗ್ಲಿಷಿಗೆ ಬಂತು. ನಾವು ಪಂಪ್‌ಸೆಟ್ಟು ‘ರಿಪೇರಿ’ ಮಾಡಿಸುತ್ತೇವಲ್ಲ, ಅದರೊಳಗೂ ಇದೇ ‘ಪರಾರೆ’ ಇದೆ. ಮತ್ತೆ ಅಣಿಮಾಡುವುದೇ ರಿಪೇರಿ. ಅಣ್ಣತಮ್ಮಂದಿರು ‘ಸಪರೇಟ್’ ಆದರು ಅನ್ನುವಾಗಲೂ ಅದೇ ಬೇರು. ಔಷಧ ಮಾಡುವವರಿಗೆ ಪ್ರಿಪರೇಶನ್ ಅಂದರೆ ಬೆರೆಸಿಟ್ಟ ಮದ್ದು.

ನನಗೆ ಬಹಳ ಹಿಡಿಸಿದ್ದು ಇನ್ನೊಂದು ಸಂಗತಿ. ಸಂಪ್ರದಾಯ ಪಾಲಿಸುವ ಯಹೂದಿಗಳು ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆವರೆಗೆ ಕೆಲಸ ಮಾಡುವುದಿಲ್ಲ, ಒಲೆ ಹಚ್ಚುವುದಿಲ್ಲ. ಅಡುಗೆಯೆಲ್ಲ ಮೊದಲೇ ಮುಗಿಯಬೇಕು. ಅದಕ್ಕೇ ಬೈಬಲ್ಲಿನಲ್ಲಿ ಶುಕ್ರವಾರ ‘ಸಿದ್ಧತೆಯ ದಿನ’. ಗ್ರೀಕರು ಇವತ್ತಿಗೂ ಶುಕ್ರವಾರಕ್ಕೆ ‘ಪರಸ್ಕೆವಿ’ ಅಂತಾರೆ. ಅದರ ಅರ್ಥವೂ ಸಿದ್ಧತೆಯೇ. ಇದನ್ನು ಓದಿದಾಗ ನನಗೆ ಎಳ್ಳ ಅಮಾವಾಸ್ಯೆ ನೆನಪಾಯಿತು. ಚರಗ ಚೆಲ್ಲಲು, ಅಂದರೆ ಭೂತಾಯಿಗೆ ನೈವೇದ್ಯ ಎರಚಲು, ಹೊಲಕ್ಕೆ ಹೋಗುವ ಮುಂಚೆ ನಮ್ಮ ಮನೆಗಳಲ್ಲಿ ಸಜ್ಜೆ ರೊಟ್ಟಿ ತಟ್ಟುವ ಸದ್ದು ನಿಲ್ಲುವುದೇ ಇಲ್ಲ, ಅಲ್ವಾ? ರೊಟ್ಟಿ ತಟ್ಟುವ ಆ ದಿನಕ್ಕೂ ನಾವೊಂದು ಹೆಸರು ಇಟ್ಟುಕೊಳ್ಳಬೇಕಿತ್ತು.

ಈಗ ನಿಮ್ಮ ‘ತಯಾರಿ’. ಇದು ಅರಬಿಯ ‘ತಯ್ಯಾರ್’. ಹಾರುವ, ಚುರುಕಾದ ಎಂದು ಅರ್ಥ. ಬೇಟೆಗೆ ಸಾಕಿದ ಗಿಡುಗ ರೆಕ್ಕೆ ಬಲಿತು ಹಾರಲು ಸಜ್ಜಾದಾಗ ಹೀಗನ್ನುತ್ತಿದ್ದರು, ಅಲ್ಲಿಂದಲೇ ಈಗಿನ ಅರ್ಥ ಬಂತು ಎನ್ನುತ್ತಾರೆ ನಿಘಂಟು ಬರೆದವರು. ನಮ್ಮ ವಿಜಯಪುರವನ್ನು 1686ರವರೆಗೆ ಆದಿಲ್‌ಶಾಹಿಗಳು ಆಳಿದರು. ಪಾರಸಿ, ದಖನಿ ಇಲ್ಲಿ ಬಳಕೆಯಲ್ಲಿದ್ದವು. ಜಮೀನು, ತಕರಾರು, ತಾಲೂಕು ಎಲ್ಲ ಆ ಕಡೆಯಿಂದಲೇ ಬಂದವು. ಅವನ್ನು ಕನ್ನಡವಲ್ಲ ಎಂದು ಯಾರೂ ದೂರ ಇಡುವುದಿಲ್ಲ. ಹಿಂದೂಸ್ತಾನಿ ಸಂಗೀತದವರು ‘ತಯಾರಿ ಜಬರ್ದಸ್ತ್ ಇದೆ’ ಅಂದರೆ ತಾನ್‌ಗಳಲ್ಲಿ, ಅಂದರೆ ಸ್ವರಗಳ ಓಟದಲ್ಲಿ, ವೇಗ, ಹಿಡಿತ ಎರಡೂ ಇವೆ ಎಂದರ್ಥ. ಹಾರುವ ಗುಣ ಅಲ್ಲಿ ಇನ್ನೂ ಉಳಿದಿದೆ.

‘ಸಿದ್ಧತೆ’ಯೂ ಹೊರಗಿನಿಂದಲೇ, ಸಂಸ್ಕೃತದಿಂದ ಬಂದದ್ದು. ಅಚ್ಚಗನ್ನಡ ಬೇಕೆಂದರೆ ‘ಅಣಿ’ ಇದೆ. ತಮಿಳಿನಲ್ಲಿ ಅದೇ ‘ಅಣಿ’ಗೆ ಒಡವೆ ಎಂಬ ಅರ್ಥವೂ ಉಂಟು. ಆದರೆ ‘ಪೂರ್ವಭಾವಿ ಸಿದ್ಧತೆ’ ಎಂದು ಸುಮ್ನೆ ಭಾರ ಹೇರುವುದು ನನಗೆ ಒಪ್ಪಿಗೆಯಿಲ್ಲ. ಸಿದ್ಧತೆ ಯಾವಾಗಲೂ ಮೊದಲೇ ಆಗುವುದು.

ಮಗ ಮತ್ತೆ ತಿದ್ದಿದರೆ ಗಿಡುಗದ ಮಾತು ಹೇಳಿ. ಪರೀಕ್ಷೆಗೆ ಕೂರುವ ಹುಡುಗನಿಗೆ ‘ತಯಾರಿ’ಯೇ ಜಾಸ್ತಿ ಹೊಂದುತ್ತದೆ ಎಂದು ನನಗನಿಸುತ್ತದೆ.
– ಸಂಪಾದಕ