ಬೆಂಕಿ ಬಿದ್ದ ಮನೆಯಿಂದ ಯಾವುದನ್ನು ಹೊತ್ತು ತರಬೇಕು? ನಮ್ಮ ಮಳೆ ಪುಸ್ತಕಗಳ ಕತೆ

ಅಜ್ಜಿಯ ಮದುವೆ ಸೀರೆಯೋ, ತಾತನ ಒಂದೇ ಒಂದು ಫೋಟೋವೋ, ಮನೆಗೆ ಬೆಂಕಿ ಬಿದ್ದರೆ ಯಾವುದನ್ನು ಎತ್ತಿಕೊಂಡು ಓಡಲಿ ಎಂದು ಕೇಳಿದ್ದೀರಿ. ಓದುತ್ತಿದ್ದಂತೆ ನನ್ನ ಬಲಗೈ ತಾನಾಗಿಯೇ ಮುಷ್ಟಿ ಕಟ್ಟಿತು. ಈ ಅಂಗೈ ಸುಟ್ಟದ್ದು 2009ರ ಫೆಬ್ರುವರಿಯಲ್ಲಿ. ನಾನೂ ಒಂದು ವಸ್ತುವನ್ನು ಉಳಿಸಲು ಹೋಗಿದ್ದೆ.

ನಮ್ಮದು ಸಕಲೇಶಪುರ ತಾಲ್ಲೂಕಿನ ಹಳ್ಳಿ. ಎಂಟು ಎಕರೆ ಕಾಫಿ ತೋಟ, ಅಜ್ಜ ಕಟ್ಟಿಸಿದ ಹೆಂಚಿನ ಮನೆ. ಈ ಮನೆಯಲ್ಲಿ ಅತ್ಯಂತ ಬೆಲೆಯುಳ್ಳದ್ದು ಯಾವುದು ಎಂದರೆ ಅಮ್ಮ ತನ್ನ ಅವಲಕ್ಕಿ ಸರ ಎನ್ನುತ್ತಿದ್ದಳು. ಅಪ್ಪ ಮಾತ್ರ ಮಳೆ ಪುಸ್ತಕ ಎನ್ನುತ್ತಿದ್ದರು.

ಬಯಲುಸೀಮೆಯವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಕಾಫಿ ಬೆಳೆಯುವ ಮನೆಗಳ ಅಂಗಳದಲ್ಲಿ ಮಳೆಮಾಪಕ ಇರುತ್ತದೆ. ಬೆಳಿಗ್ಗೆ ಅದರಲ್ಲಿ ನಿಂತ ನೀರನ್ನು ಅಳತೆಯ ಗಾಜಿಗೆ ಸುರಿದು ಲೆಕ್ಕ ಬರೆಯುತ್ತಾರೆ. ಟಿವಿಯವರು ಮಿಲಿಮೀಟರ್ ಎನ್ನಲಿ, ನಮಗೆ ಮಳೆ ಎಂದರೆ ಇಂಚು ಮತ್ತು ಸೆಂಟು. ಇಂಚಿನಲ್ಲಿ ನೂರನೇ ಒಂದು ಪಾಲು ಒಂದು ಸೆಂಟು. ಫೆಬ್ರುವರಿ, ಮಾರ್ಚಿನಲ್ಲಿ ಹೂಮಳೆ ಒಂದು ಇಂಚಿನಷ್ಟು ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಹೂವಾಗುತ್ತದೆ. ಇಪ್ಪತ್ತು ಸೆಂಟು ಬಿದ್ದು ನಿಂತುಹೋದರೆ ಮೊಗ್ಗು ಅರ್ಧಕ್ಕೇ ಕೆಡುತ್ತದೆ, ಆ ವರ್ಷದ ಬೆಳೆಯೂ ಹಾಗೆಯೇ. ಅದಕ್ಕೇ ಪಕ್ಕದ ತೋಟದವರು ಫೋನ್ ಮಾಡಿದರೆ ಮೊದಲ ಮಾತು "ನಿಮ್ಮಲ್ಲಿ ಎಷ್ಟು?" ಎಂದೇ.

ಅಜ್ಜ 1952ರಲ್ಲಿ ಬರೆಯಲು ಶುರುಮಾಡಿದರು, ಅಪ್ಪ ಮುಂದುವರಿಸಿದರು. ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಲೆಕ್ಕದ ಪುಸ್ತಕ, ಐದು ವರ್ಷಕ್ಕೆ ಒಂದು. 2006ರ ಕೊನೆಗೆ ಹನ್ನೊಂದು ತುಂಬಿದ್ದವು, ಹನ್ನೆರಡನೆಯದು ನಡೆಯುತ್ತಿತ್ತು. ಎಲ್ಲವೂ ಪೆನ್ಸಿಲಿನಲ್ಲಿ, ಏಕೆಂದರೆ ಆಷಾಢದಲ್ಲಿ ಒದ್ದೆ ಕೈ ತಾಗಿದರೆ ಶಾಯಿ ಕಲೆಸಿಹೋಗುತ್ತದೆ. ತಾರೀಕು, ಮಳೆ ನಕ್ಷತ್ರ, ಇಂಚು, ಸೆಂಟು, ಒಟ್ಟು, ಕಡೆಯಲ್ಲಿ "ವಿಶೇಷ" ಎಂಬ ಅಂಕಣ. ಆ ಕಡೆಯ ಅಂಕಣದಲ್ಲಿ ನಮ್ಮ ಮನೆಯ ಚರಿತ್ರೆಯೇ ಇತ್ತು. ಹೊಳೆ ಸೇತುವೆಯ ಮೇಲೆ ಹರಿಯಿತು. ಗೌರಿ ಕರು ಹಾಕಿತು. ಹೂ ಅರಳಿತು. ನಾನು ಹುಟ್ಟಿದ್ದು 1971ರ ಪುನರ್ವಸು ಮಳೆಯಲ್ಲಿ. ಆ ದಿನದ ಸಾಲಿನಲ್ಲಿ ಅಪ್ಪ ಬರೆದಿದ್ದರು: "3 ಇಂಚು 10 ಸೆಂಟು. ಹೆಣ್ಣು ಮಗು. ಇಬ್ಬರೂ ಕ್ಷೇಮ." ಶಾಲೆಗೆ ಹೋಗುವ ವಯಸ್ಸಿನಲ್ಲಿ ಆ ಸಾಲನ್ನು ಎಷ್ಟು ಸಲ ತೆಗೆದು ನೋಡಿದ್ದೇನೋ, ಹಾಳೆಯ ಆ ಮೂಲೆ ಎಣ್ಣೆಗಟ್ಟಿತ್ತು.

ಆ ಹನ್ನೊಂದೂ ಪುಸ್ತಕಗಳು ಮುಂಬಾಗಿಲಿನ ಪಕ್ಕದ ಹಲಗೆಯ ಮೇಲೆ ಇರುತ್ತಿದ್ದವು. ನಡೆಯುತ್ತಿರುವ ಪುಸ್ತಕ ಅದರ ಕೆಳಗೆ ಮೊಳೆಗೆ ನೇತುಬಿದ್ದಿರುತ್ತಿತ್ತು. 2009ರಲ್ಲಿ ತಮ್ಮನ ಮದುವೆ ನಿಶ್ಚಯವಾಯಿತು. ನಾನು ಹಾಸನದಿಂದ ಹದಿನೈದು ದಿನ ಮೊದಲೇ ಬಂದೆ. ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಗೆದ್ದಲು ಹಿಡಿದ ಆ ಹಲಗೆ ನನ್ನ ಕಣ್ಣಿಗೆ ಚುಚ್ಚಿತು. ಬೀಗರು ಕಾಲಿಟ್ಟ ಕೂಡಲೇ ಕಾಣುವುದು ಅದೇ. ಕಿತ್ತು ಹಾಕಿಸಿ, ಪುಸ್ತಕಗಳನ್ನು ತಗಡಿನ ಟ್ರಂಕಿಗೆ ತುಂಬಿ ಅಟ್ಟಕ್ಕೆ ಏರಿಸಿದೆ. "ಅಲ್ಲೇ ಇರಲಿ ಬಿಡು ಪುಟ್ಟಿ" ಎಂದು ಅಪ್ಪ ಎರಡು ಸಲ ಹೇಳಿದರು. "ಅಟ್ಟದಲ್ಲಿ ಭದ್ರವಾಗಿರುತ್ತದೆ ಅಪ್ಪ" ಎಂದೆ.

ಮದುವೆಗೆ ಇನ್ನು ನಾಲ್ಕು ದಿನ. ಸಂಜೆ ಏಳೂವರೆಯ ಹೊತ್ತಿಗೆ ಅಲಂಕಾರದ ದೀಪದ ಸರಗಳನ್ನು ಹಚ್ಚಿ ನೋಡುತ್ತಿದ್ದರು. ಅಟ್ಟದ ಹಲಗೆಗಳ ಮೇಲೆ ಹಾದುಹೋಗಿದ್ದ ಹಳೆಯ ವೈರು ಅಷ್ಟು ಭಾರ ಹೊರುವಂಥದಾಗಿರಲಿಲ್ಲ, ಇಲಿ ಕಡಿದದ್ದೂ ಇತ್ತು. ಮೊದಲು ಪ್ಲಾಸ್ಟಿಕ್ ಸುಟ್ಟ ವಾಸನೆ, ಆಮೇಲೆ ಹೆಂಚಿನ ಸಂದಿಗಳಲ್ಲಿ ಹೊಗೆ. ಪಕ್ಕದ ಮನೆಯ ಅಣ್ಣ ಮೇನ್ ಸ್ವಿಚ್ ಎಳೆದರು. ಹೆಂಗಸರು, ಮಕ್ಕಳು, ಆಳುಗಳು ಎಲ್ಲರೂ ಅಂಗಳಕ್ಕೆ ಬಂದೆವು. ದನಗಳ ಹಗ್ಗ ಬಿಚ್ಚಿಯಾಯಿತು. ಅಮ್ಮ ತಲೆ ಎಣಿಸಿದಳು. ಅಪ್ಪ ಹೊಸ್ತಿಲು ದಾಟುವಾಗ ಕೈ ಚಾಚಿ ಮೊಳೆಯಿಂದ ಹನ್ನೆರಡನೆಯ ಪುಸ್ತಕವನ್ನು ತೆಗೆದುಕೊಂಡು ಬಂದಿದ್ದರು. ಕಂಕುಳಲ್ಲಿ ಅದನ್ನು ಇಟ್ಟುಕೊಂಡು ನನ್ನನ್ನು ಕೇಳಿದರು: "ಹಳೆಯವು?"

ನಾನು ಒಳಗೆ ಓಡಿದೆ.

ಇನ್ನು ನನ್ನ ತಪ್ಪಿನ ವಿಷಯ. ಓಡಿದ್ದು ತಪ್ಪೇ, ಆದರೆ ಮನೆ ಹೋದದ್ದು ಅದರಿಂದಲ್ಲ. ನಡುಮನೆಯಲ್ಲಿ ಆಗ ಬೆಂಕಿಯೇ ಇರಲಿಲ್ಲ. ಮುಚ್ಚಿಗೆಯ ಕೆಳಗೆ ಹೊಗೆ ತೆಳುವಾಗಿ ತೇಲುತ್ತಿತ್ತು, ಅಷ್ಟೇ. ಉಸಿರಾಡಬಹುದಿತ್ತು, ಕಣ್ಣು ಕಾಣುತ್ತಿತ್ತು. ಅದೇ ನನಗೆ ಧೈರ್ಯ ಕೊಟ್ಟಿತು. ಏಣಿ ಒರಗಿಸಿ ಹತ್ತಿದೆ. ಅಟ್ಟದ ಬಾಗಿಲು ಎಂದರೆ ಮೇಲಕ್ಕೆ ತಳ್ಳುವ ಹಲಸಿನ ಮರದ ಮುಚ್ಚಳ. ಅಂಗೈ ಇಟ್ಟೆ. ಕಾದ ಕಾವಲಿಯಂತೆ ಸುಡುತ್ತಿತ್ತು. ಆ ಕ್ಷಣವನ್ನೇ ನಾನು ಇಷ್ಟು ವರ್ಷ ತಿರುಗಿ ತಿರುಗಿ ನೋಡುತ್ತಿರುವುದು. ಮರದ ಮುಚ್ಚಳ ಈ ಕಡೆಯಿಂದ ಅಷ್ಟು ಕಾದಿದೆ ಎಂದರೆ ಆ ಕಡೆ ಏನಿದೆ ಎಂದು ಒಲೆಯ ಮುಂದೆ ಕೂತು ಬೆಳೆದ ನನಗೆ ಗೊತ್ತಾಗಬೇಕಿತ್ತು. ನಾನು ಮಾಡಿದ್ದು, ಸೆರಗನ್ನು ಕೈಗೆ ಸುತ್ತಿಕೊಂಡು ಜೋರಾಗಿ ತಳ್ಳಿದ್ದು.

ಅಟ್ಟದಲ್ಲಿ ಬೆಂಕಿ ಅದುವರೆಗೆ ಕುದಿಯುತ್ತಿತ್ತು, ಉರಿಯುತ್ತಿರಲಿಲ್ಲ. ಒಳಗಿನ ಗಾಳಿಯನ್ನು ತಿಂದು ಮುಗಿಸಿ ಉಸಿರುಕಟ್ಟಿ ಕೂತಿತ್ತು. ಮೇಲೆ ಹೊಗೆ ಹೊರಗೆ ಹೋಗಲು ಹೆಂಚಿನ ಸಂದಿಗಳಿದ್ದವು, ಕೆಳಗಿನಿಂದ ಗಾಳಿ ಬರಲು ದಾರಿ ಇರಲಿಲ್ಲ. ಆ ದಾರಿಯನ್ನು ನಾನು ಮಾಡಿಕೊಟ್ಟೆ. ಮುಂಬಾಗಿಲು ತೆರೆದಿದ್ದೆ, ಈಗ ಅಟ್ಟದ ಬಾಗಿಲನ್ನೂ ತೆರೆದೆ. ಮನೆಯೇ ಒಂದು ಒಲೆಯಾಯಿತು, ನಾನು ಅದಕ್ಕೆ ಊದುಕೊಳವೆ ಹಿಡಿದಂತಾಯಿತು. ಗಾಳಿ ನನ್ನ ಕಿವಿಯ ಪಕ್ಕದಿಂದ ಮೇಲಕ್ಕೆ ಎಳೆದುಕೊಂಡು ಹೋದದ್ದು ಇನ್ನೂ ನೆನಪಿದೆ. ಹಣೆಯ ಮೇಲಿನ ಕೂದಲು ಮೇಲಕ್ಕೆದ್ದಿತು. ಆಮೇಲೆ ಬೆಳಕು. ನಾನು ಏಣಿಯಿಂದ ಹಿಂದಕ್ಕೆ ಬಿದ್ದೆ, ಅಪ್ಪನ ಮೇಲೆ. ನನ್ನ ಹಿಂದೆಯೇ ಬಂದು ಅವರು ಏಣಿ ಹಿಡಿದು ನಿಂತಿದ್ದರೆಂದು ನನಗೆ ಗೊತ್ತೇ ಇರಲಿಲ್ಲ. ಎಪ್ಪತ್ತೆರಡು ವರ್ಷದವರು. ತಮ್ಮ ಮತ್ತು ಪಕ್ಕದ ಮನೆಯ ಅಣ್ಣ ನಮ್ಮಿಬ್ಬರನ್ನೂ ಎಳೆದು ಹಾಕಿದರು. ಅಪ್ಪನ ಎಡತೊಡೆಯ ಮೂಳೆ ಸೊಂಟದ ಹತ್ತಿರ ಮುರಿದಿತ್ತು.

ಹೆಂಚು ಸುಡುವುದಿಲ್ಲ, ಹಾಗಾಗಿ ಹೆಂಚಿನ ಮನೆಗೆ ಬೆಂಕಿಯ ಭಯ ಕಡಿಮೆ ಎಂದು ನಂಬಿದವರು ನಮ್ಮ ಕಡೆ ಬಹಳ. ಹೆಂಚಿನ ಕೆಳಗಿರುವುದೆಲ್ಲ ಮರ: ತೊಲೆ, ಜಂತಿ, ರೀಪು, ಮುಚ್ಚಿಗೆ. ಅಗ್ನಿಶಾಮಕ ವಾಹನ ತೋಟದ ದಾರಿಯಲ್ಲಿ ಹತ್ತಿ ಬರುವ ಹೊತ್ತಿಗೆ ಸೂರು ಕುಸಿದು ನಡುಮನೆಗೆ ಬಿದ್ದಿತ್ತು. ಅಡುಗೆಮನೆ, ಬಚ್ಚಲು, ಕೊಟ್ಟಿಗೆಯನ್ನು ಅವರು ಉಳಿಸಿಕೊಟ್ಟರು. ಅವರಲ್ಲಿ ಹಿರಿಯರೊಬ್ಬರು ಸುತ್ತ ನೋಡಿ, "ಅಟ್ಟದ ಬಾಗಿಲು ಯಾರು ತೆಗೆದದ್ದು?" ಎಂದು ಕೇಳಿದರು. ಅಪ್ಪನನ್ನು ಹಾಸನಕ್ಕೆ ಕರೆದೊಯ್ದಿದ್ದರು. ಉತ್ತರ ಹೇಳಲು ನಾನೊಬ್ಬಳೇ ಇದ್ದೆ. ಮುಚ್ಚಿಯೇ ಬಿಟ್ಟಿದ್ದರೆ ಅಟ್ಟ ಹೋಗುತ್ತಿತ್ತು, ಕೆಳಗಿನ ಮನೆ ಬಹುಶಃ ನಿಲ್ಲುತ್ತಿತ್ತು ಎಂದರು. ಬೈಯಲಿಲ್ಲ. ನನ್ನ ಕೈಗೆ ತಣ್ಣೀರು ಸುರಿಯುತ್ತಲೇ ಹೇಳಿದರು.

ಮೂರನೆಯ ದಿನ ಟ್ರಂಕು ಸಿಕ್ಕಿತು. ಬೀಗ ಭದ್ರವಾಗಿಯೇ ಇತ್ತು. ತಗಡಿನ ಪೆಟ್ಟಿಗೆ ಬೆಂಕಿಯಿಂದ ಕಾಯುತ್ತದೆ ಎಂದು ತಿಳಿದಿದ್ದರೆ ಆ ನಂಬಿಕೆ ಬಿಡಿ. ಇದ್ದಿಲು ಸುಡುವವರು ಮಾಡುವುದೂ ಇದನ್ನೇ, ಗಾಳಿ ಸಿಗದಂತೆ ಮುಚ್ಚಿ ಕಾಯಿಸುವುದು. ಒಳಗೆ ಹನ್ನೊಂದು ಪುಸ್ತಕಗಳೂ ಪುಸ್ತಕದ ಆಕಾರದಲ್ಲೇ ಇದ್ದವು, ಪೂರ್ತಿ ಕಪ್ಪಾಗಿ. ಮೇಲಿನದರ ರಟ್ಟು ಎದ್ದು ಬಂತು. ಕಪ್ಪು ಹಾಳೆಯನ್ನು ಓರೆಯಾಗಿ ಬಿಸಿಲಿಗೆ ಹಿಡಿದಾಗ ಪೆನ್ಸಿಲಿನ ಗೆರೆಗಳು ಬೂದು ಬಣ್ಣದಲ್ಲಿ ಹೊಳೆದವು. ಅಜ್ಜನ ಕೈಬರಹ. "2 ಇಂಚು 35" ಎಂಬಷ್ಟನ್ನು ಓದಿದೆ. ಮುಂದಿನ ಹಾಳೆ ತಿರುಗಿಸಲು ಬೆರಳು ಇಟ್ಟೆ, ಹಾಳೆ ಪುಡಿಯಾಗಿ ಮಡಿಲಿಗೆ ಬಿತ್ತು. ಮದುವೆಯ ಫೋಟೋ ತೆಗೆಯಲು ಬಂದಿದ್ದ ಹುಡುಗ ಕ್ಯಾಮೆರಾ ಹಿಡಿದು ಅಂಗಳದಲ್ಲೇ ನಿಂತಿದ್ದ. ಮುಟ್ಟುವ ಮೊದಲು ಅವನನ್ನು ಕರೆಯಬೇಕು ಎಂದು ನನಗೆ ಹೊಳೆಯಲಿಲ್ಲ.

ತಮ್ಮನ ಮದುವೆ ಸಕಲೇಶಪುರದ ದೇವಸ್ಥಾನದಲ್ಲಿ ಸರಳವಾಗಿ ನಡೆಯಿತು. ಅಪ್ಪ ಆಸ್ಪತ್ರೆಯಿಂದ ಬಂದ ಮೇಲೆ ಮೊದಲು ಕೇಳಿದ್ದು ಹನ್ನೆರಡನೆಯ ಪುಸ್ತಕವನ್ನು. ಬೆಂಕಿ ಬಿದ್ದ ದಿನದ ಸಾಲಿನಲ್ಲಿ ಅಮ್ಮ "ಮಳೆ ಇಲ್ಲ" ಎಂದು ಬರೆದಿಟ್ಟಿದ್ದಳು. ಅಪ್ಪ ಪೆನ್ಸಿಲ್ ತರಿಸಿ ವಿಶೇಷದ ಅಂಕಣದಲ್ಲಿ "ಎಲ್ಲರೂ ಹೊರಗೆ ಬಂದೆವು" ಎಂದು ಸೇರಿಸಿದರು. ನನಗೆ ಒಂದು ಮಾತೂ ಆಡಲಿಲ್ಲ. ಆದರೆ ಅಂಗಳದ ಮಳೆಮಾಪಕದವರೆಗೆ ಅವರು ಮತ್ತೆ ಯಾವತ್ತೂ ನಡೆದು ಹೋಗಲಿಲ್ಲ. ಆರು ವರ್ಷ ಜಗುಲಿಯ ಕುರ್ಚಿಯಲ್ಲಿ ಕೂತು ನನ್ನ ಮಗಳಿಗೆ ಹೇಳಿಕೊಡುತ್ತಿದ್ದರು: ಗಾಜನ್ನು ಕಣ್ಣಿನ ನೇರಕ್ಕೆ ಹಿಡಿ, ನೀರು ಅಂಚಿನಲ್ಲಿ ಸ್ವಲ್ಪ ಏರಿ ನಿಂತಿರುತ್ತದೆ, ಅದನ್ನು ನಂಬಬೇಡ, ನಡುವಿನ ತಗ್ಗನ್ನು ಓದು. ಪಕ್ಕದ ತೋಟದವರು ತಮ್ಮ ಹಳೆಯ ಲೆಕ್ಕವನ್ನು ನಕಲು ಮಾಡಿಕೊಳ್ಳಿ ಎಂದು ಪ್ರೀತಿಯಿಂದ ತಂದುಕೊಟ್ಟರು. ಅಪ್ಪ ಕೈಮುಗಿದು ಹಿಂದಕ್ಕೆ ಕಳಿಸಿದರು. ಗುಡ್ಡದ ಆಚೆ ಬಿದ್ದದ್ದು ಅವರ ಮಳೆ ಎಂದರು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಉರಿಯುವ ಮನೆಯಲ್ಲಿ ಆಯ್ಕೆ ಮಾಡಲು ಪುರುಸೊತ್ತು ಸಿಗುತ್ತದೆ ಎಂದು ಈ ಪ್ರಶ್ನೆ ನಮ್ಮನ್ನು ನಂಬಿಸುತ್ತದೆ. ಸಿಗುವುದಿಲ್ಲ. ಹೊರಗೆ ಬರುವ ದಾರಿಯಲ್ಲಿ ಕೈಗೆ ಸಿಕ್ಕಿದ್ದು ಬರುತ್ತದೆ, ಮೊಳೆಯಲ್ಲಿದ್ದ ಪುಸ್ತಕ ಬಂದ ಹಾಗೆ. ಉಳಿದದ್ದಕ್ಕಾಗಿ ತಿರುಗಬೇಡಿ. ಹೊಗೆ ಇದ್ದರೆ ಬಗ್ಗಿ, ನೆಲಕ್ಕೆ ಹತ್ತಿರವಾಗಿ ಬನ್ನಿ. ಬರುವಾಗ ಹಿಂದಿನ ಬಾಗಿಲುಗಳನ್ನು ಎಳೆದುಕೊಳ್ಳಿ, ಚಿಲಕ ಬೇಡ, ಮುಚ್ಚಿದರೆ ಸಾಕು. ಕೈಗೆ ಬಿಸಿ ತಾಗಿದ ಯಾವ ಬಾಗಿಲನ್ನೂ ತೆರೆಯಬೇಡಿ, ಅದರ ಹಿಂದೆ ಏನೇ ಇರಲಿ. ಹೊರಗೆ ಬಂದ ಮೇಲೆ 112 ಅಥವಾ 101ಕ್ಕೆ ಫೋನ್ ಮಾಡಿ.

ಕಾಗದಪತ್ರದ ಚಿಂತೆಯಲ್ಲಿ ಒಳಗೆ ಹೋಗುವವರಿಗೂ ಒಂದು ಮಾತು. ನಮ್ಮ ಬೀರುವಿನಲ್ಲಿದ್ದ ಪತ್ರಗಳೆಲ್ಲ ಸುಟ್ಟವು, ಎಲ್ಲವೂ ಮರಳಿ ಬಂದವು. ಪಹಣಿ 2000ದಿಂದಲೇ ಭೂಮಿ ಯೋಜನೆಯ ಕಂಪ್ಯೂಟರಿನಲ್ಲಿದೆ. ಕ್ರಯಪತ್ರದ ದೃಢೀಕೃತ ನಕಲು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಸಿಕ್ಕಿತು. ತಮ್ಮನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅರ್ಜಿ ಹಾಕಿದ ಮೇಲೆ ಬಂತು. ಓಡಾಟ ಇದ್ದೇ ಇತ್ತು, ಆದರೆ ಓಡಾಡಲು ಕಾಲು ಇದ್ದವರಿಗೆ ಅದು ಏನೂ ಅಲ್ಲ. ಅಮ್ಮನ ಸರ ಬೂದಿಯಲ್ಲಿ ಸಿಕ್ಕಿತು, ಕಪ್ಪಾಗಿತ್ತು, ಅಕ್ಕಸಾಲಿಗರು ತೊಳೆದುಕೊಟ್ಟರು.

ಈಗ ನಡೆಯುತ್ತಿರುವುದು ಹದಿನೈದನೆಯ ಪುಸ್ತಕ. ಹೊಸ ಮನೆಯ ಮುಂಬಾಗಿಲಿನ ಪಕ್ಕದ ಮೊಳೆಯಲ್ಲಿದೆ. ಹನ್ನೆರಡರಿಂದ ಹದಿನಾಲ್ಕರವರೆಗಿನವು ಅದರ ಮೇಲಿನ ಹಲಗೆಯಲ್ಲಿವೆ, ಯಾವ ಬೀಗರು ಬಂದರೂ ಅಲ್ಲೇ ಇರುತ್ತವೆ. ಮಗಳು ಪ್ರತಿ ಭಾನುವಾರ ಆ ವಾರದ ಪುಟದ ಫೋಟೋ ತೆಗೆದು ಬೆಂಗಳೂರಿನ ಸೋದರಮಾವನಿಗೆ ಕಳಿಸುತ್ತಾಳೆ. ಅವನ ಹತ್ತಿರ ಒಂದು ಪ್ರತಿ, ನಮ್ಮ ಹತ್ತಿರ ಒಂದು. ಇದಕ್ಕೆ ಎರಡು ನಿಮಿಷ ಹಿಡಿಯುತ್ತದೆ. ಹನ್ನೊಂದು ಪುಸ್ತಕಗಳಿಗೆ ಒಂದು ವಾರ ಸಾಕಾಗುತ್ತಿತ್ತು.

ನಿಮ್ಮ ಅಜ್ಜಿಯ ಸೀರೆಯನ್ನು ಉಡಿ. ಜರಿ ಸೀರೆ ಪೆಟ್ಟಿಗೆಯಲ್ಲಿ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ, ಅದಕ್ಕೆ ಬೆಂಕಿಯೇ ಬೇಕಿಲ್ಲ. ಮುಂದಿನ ಮದುವೆಗೆ ಉಟ್ಟು ಹೋಗಿ, ಅಜ್ಜಿಯನ್ನು ಬಲ್ಲವರು ಅಲ್ಲಿ ಇದ್ದೇ ಇರುತ್ತಾರೆ, ಅವರು ಮಾತು ತೆಗೆಯುತ್ತಾರೆ. ತಾತನ ಫೋಟೋವನ್ನು ನಾಳೆ ಬೆಳಿಗ್ಗೆಯೇ ಗೋಡೆಯಿಂದ ಇಳಿಸಿ, ಗಾಜು ತೆಗೆದು, ನೇರ ಬಿಸಿಲು ಬೀಳದ ಕಿಟಕಿಯ ಬಳಿ ಇಟ್ಟು ಮೊಬೈಲಿನಲ್ಲಿ ತೆಗೆಯಿರಿ. ಒಡಹುಟ್ಟಿದವರಿಗೆಲ್ಲ ಕಳಿಸಿ. ಹಿಂಬದಿ ತಿರುಗಿಸಿ ನೋಡಿ, ಯಾರಾದರೂ ಏನಾದರೂ ಬರೆದಿದ್ದರೆ ಅದನ್ನೂ ತೆಗೆಯಿರಿ.