ಸ್ವಂತ ರಾಜ್ಯವಿದ್ದೂ ಬಾದಶಹನ ಚಾಕರಿ: ಮಿರ್ಜಾ ರಾಜಾ ಜೈಸಿಂಗ್

ನಿಮ್ಮ ಪ್ರಶ್ನೆ ಇದು: "ಸ್ವಂತ ಸಂಸ್ಥಾನವಿದ್ದೂ ಮೊಘಲ್ ಸೈನ್ಯದಲ್ಲಿ ಅಧಿಕಾರಿಗಳಾಗಿದ್ದ ರಾಜಮನೆತನದವರ ಬದುಕು ಹೇಗಿತ್ತು? ಧಾರಾವಾಹಿಗಳಲ್ಲಿ ತೋರಿಸುವಂತೆ ಆನೆ, ಅಂಬಾರಿ, ಅಂತಃಪುರವೇ? ಬೇಡವೆನಿಸಿದರೆ ಬಿಟ್ಟು ಮನೆಗೆ ಹೋಗಬಹುದಿತ್ತೇ?"

ಆನೆ ಇತ್ತು, ಅಂತಃಪುರವೂ ಇತ್ತು. ಆದರೆ ಅವರ ನಿದ್ದೆ ಕೆಡಿಸುತ್ತಿದ್ದದ್ದು ಕುದುರೆಗಳ ಲೆಕ್ಕ. ನಾನು ಖಜಾನೆ ಇಲಾಖೆಯಲ್ಲಿ ಬಿಲ್ಲು, ವೋಚರುಗಳ ನಡುವೆ ಕೂದಲು ನೆರೆಸಿಕೊಂಡು ನಿವೃತ್ತನಾದವನು. ಇತಿಹಾಸ ಓದುವಾಗಲೂ ನನ್ನ ಕಣ್ಣು ಕತ್ತಿಗಿಂತ ಮೊದಲು ಕಡತದ ಮೇಲೆ ಬೀಳುತ್ತದೆ. ಅಷ್ಟನ್ನು ಮನ್ನಿಸಿ ಮುಂದೆ ಓದಿ.

ಎಲ್ಲರನ್ನೂ ಸೇರಿಸಿ ಹೇಳಿದರೆ ಯಾರ ಮುಖವೂ ಕಾಣುವುದಿಲ್ಲ. ಹಾಗಾಗಿ ಒಬ್ಬನನ್ನೇ ಹಿಡಿಯುತ್ತೇನೆ: ಈಗಿನ ಜೈಪುರದ ಬಳಿಯ ಆಮೇರನ್ನು ಆಳಿದ, ಕಛವಾಹ ಎಂಬ ರಜಪೂತ ಕುಲದ ದೊರೆ ಮಿರ್ಜಾ ರಾಜಾ ಜೈಸಿಂಗ್. (ಜೈಪುರ ಕಟ್ಟಿಸಿದ ಸವಾಯಿ ಜೈಸಿಂಗ್ ಇವನ ವಂಶದಲ್ಲೇ ಮುಂದೆ ಬಂದವನು, ಬೇರೆ ವ್ಯಕ್ತಿ.) ಅಕ್ಬರನ ಸೇನಾಪತಿಯಾಗಿದ್ದ ಮಾನಸಿಂಗನ ಮರಿಮಗ. ಹುಟ್ಟಿದ್ದು 1611ರಲ್ಲಿ, ಗದ್ದುಗೆ ಏರಿದಾಗ ಹತ್ತು ವರ್ಷದ ಹುಡುಗ. ಆ ಗದ್ದುಗೆಯೂ ತಾನಾಗಿ ಬಂದದ್ದಲ್ಲ, ಜಹಾಂಗೀರ್ ಒಪ್ಪಿ ತಿಲಕವಿಟ್ಟ ಮೇಲೆ ಬಂದದ್ದು. ಅಂದರೆ ರಾಜನಾದ ದಿನವೇ ಅವನು ನೌಕರನೂ ಆದ.

ಈ ನೌಕರಿಯ ದರ್ಜೆಗೆ ಮನ್ಸಬ್ ಎಂದು ಹೆಸರು. ಅಕ್ಬರನ ಕಾಲದಲ್ಲಿ ರೂಪುಗೊಂಡ ಪದ್ಧತಿ. ಪ್ರತಿಯೊಬ್ಬ ಮನ್ಸಬ್‌ದಾರನ ಹೆಸರಿನ ಮುಂದೆ ಎರಡು ಅಂಕಿಗಳಿರುತ್ತಿದ್ದವು. ಮೊದಲನೆಯದು ಜಾತ್: ಅವನ ಸ್ವಂತ ಸಂಬಳವನ್ನೂ ದರ್ಬಾರಿನಲ್ಲಿ ಅವನು ನಿಲ್ಲಬೇಕಾದ ಸಾಲನ್ನೂ ಗೊತ್ತುಮಾಡುವುದು ಅದು. ಎರಡನೆಯದು ಸವಾರ್: ಅವನು ಸಾಕಬೇಕಾದ ಕುದುರೆ ಸವಾರರ ಲೆಕ್ಕ. ಒಂದು ಸವಾರ್‌ಗೆ ವರ್ಷಕ್ಕೆ 8,000 ದಾಮ್ (ತಾಮ್ರದ ನಾಣ್ಯ). ರೂಪಾಯಿಗೆ 40 ದಾಮ್ ಲೆಕ್ಕದಲ್ಲಿ 200 ರೂಪಾಯಿ. 1665ರ ಹೊತ್ತಿಗೆ ಜೈಸಿಂಗನ ದರ್ಜೆ 7,000 ಜಾತ್, 7,000 ಸವಾರ್. ಆ ಸವಾರರೆಲ್ಲ ದುಅಸ್ಪಾ-ಸಿಹಅಸ್ಪಾ (ಎರಡು-ಮೂರು ಕುದುರೆಯವರು), ಎಂದರೆ ಕರ್ತವ್ಯವೂ ಭತ್ಯೆಯೂ ದುಪ್ಪಟ್ಟು. ಗುಣಿಸಿ ನೋಡಿ, ಸವಾರರ ಬಾಬ್ತೇ ವರ್ಷಕ್ಕೆ 28 ಲಕ್ಷ ರೂಪಾಯಿ.

ಕಾಗದದ ಮೇಲೆ! ಈ ಹಣ ಸಾಮಾನ್ಯವಾಗಿ ನಗದಾಗಿ ಬರುತ್ತಿರಲಿಲ್ಲ, ಜಾಗೀರಾಗಿ ಬರುತ್ತಿತ್ತು: ಇಂತಿಂಥ ಪರಗಣೆಯ ಕಂದಾಯವನ್ನು ನೀನೇ ವಸೂಲು ಮಾಡಿಕೋ ಎಂದು. ಸರ್ಕಾರಿ ದಫ್ತರದ ಅಂದಾಜು ಒಂದಾದರೆ ಕೈಗೆ ಸಿಗುವುದು ಇನ್ನೊಂದು. ಇದು ದಿವಾನರಿಗೂ ಗೊತ್ತಿದ್ದ ಗುಟ್ಟು. ಅದಕ್ಕೇ ಷಹಜಹಾನನ ಕಾಲದಲ್ಲಿ ಜಾಗೀರುಗಳನ್ನು ಎಂಟು ತಿಂಗಳದ್ದು, ಆರು ತಿಂಗಳದ್ದು ಎಂದು ಗುರುತಿಸತೊಡಗಿದರು. ವರ್ಷದ ಸಂಬಳದಲ್ಲಿ ನಿಜವಾಗಿ ಹುಟ್ಟುವುದು ಅಷ್ಟು ತಿಂಗಳದ್ದು ಮಾತ್ರ. ಸವಾರರ ಸಂಖ್ಯೆಯಲ್ಲೂ ರಿಯಾಯಿತಿ ಕೊಟ್ಟರು: ಜಾಗೀರಿರುವ ಸುಬಾದಲ್ಲೇ (ಪ್ರಾಂತದಲ್ಲೇ) ಸೇವೆಯಾದರೆ ಮೂರನೇ ಒಂದು ಪಾಲು, ಹೊರಗಾದರೆ ನಾಲ್ಕನೇ ಒಂದು ಪಾಲು ಹಾಜರುಪಡಿಸಿದರೆ ಸಾಕು. ಇಷ್ಟರ ಮೇಲೆ ಮೂರು ನಾಲ್ಕು ವರ್ಷಕ್ಕೊಮ್ಮೆ ಜಾಗೀರಿನ ವರ್ಗಾವಣೆ. ರಾಜಪೂತ ದೊರೆಗಳಿಗೆ ತಮ್ಮ ಮೂಲ ನೆಲ 'ವತನ್' ಎಂದು ಉಳಿಯುತ್ತಿತ್ತು. ಉಳಿದ ಜಾಗೀರುಗಳು ಅವರಿಗೂ ಬದಲಾಗುತ್ತಿದ್ದವು.

ಇನ್ನು ತಪಾಸಣೆ. ಬಾಡಿಗೆ ಕುದುರೆ ತಂದು ನಿಲ್ಲಿಸಿ ಭತ್ಯೆ ಎತ್ತುವ ಜಾಣರು ಆಗಲೂ ಇದ್ದರು. ಆದ್ದರಿಂದ ಪ್ರತಿ ಕುದುರೆಯ ತೊಡೆಗೆ ಕಾದ ಕಬ್ಬಿಣದ ಮುದ್ರೆ ಒತ್ತುತ್ತಿದ್ದರು, ಇದೇ 'ದಾಗ್'. ಸವಾರನ ಚಹರೆಪಟ್ಟಿ ಬೇರೆ: ಹೆಸರು, ತಂದೆಯ ಹೆಸರು, ಜಾತಿ, ಮೈಬಣ್ಣ, ಮುಖದ ಮೇಲಿನ ಮಚ್ಚೆ, ಗಾಯದ ಕಲೆ. ಕುದುರೆಗೂ ಅಂಥದೇ ಪಟ್ಟಿ. ಮುದ್ರೆಯಿಲ್ಲದ ಕುದುರೆಗೆ ಭತ್ಯೆ ಇಲ್ಲ. ನನ್ನ ಹಳೆಯ ಕಚೇರಿಯ ಲೆಕ್ಕಪರಿಶೋಧಕರಿಗೆ ಇದನ್ನು ತೋರಿಸಿದ್ದರೆ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು.

ರಾಜಧಾನಿಯಲ್ಲಿದ್ದರೆ ದಿನಕ್ಕೆ ಎರಡು ಸಲ ದರ್ಬಾರಿಗೆ ಹೋಗಬೇಕು, ತಪ್ಪಿಸಿದರೆ ದಂಡ. ವಾರಕ್ಕೊಮ್ಮೆ ಇಡೀ ಒಂದು ಹಗಲು, ಒಂದು ರಾತ್ರಿ ಪಹರೆ. ಆ ಕಾಲದಲ್ಲಿ ದೆಹಲಿಯಲ್ಲಿದ್ದ ಫ್ರೆಂಚ್ ವೈದ್ಯ ಬರ್ನಿಯರ್ ಇದನ್ನೆಲ್ಲ ನೋಡಿ ಬರೆದಿದ್ದಾನೆ. ಪಹರೆಯಲ್ಲಿರುವ ಅಮೀರನಿಗೆ (ದರ್ಬಾರಿನ ಸರದಾರನಿಗೆ) ಬಾದಶಹನ ಅಡುಗೆಮನೆಯಿಂದ ಊಟ ಬರುತ್ತಿತ್ತಂತೆ. ಉಣ್ಣುವ ಮೊದಲು ಅರಮನೆಯ ಕಡೆ ತಿರುಗಿ, ಕೈಯನ್ನು ನೆಲಕ್ಕೆ ತಾಗಿಸಿ ತಲೆಗೆ ಮುಟ್ಟಿಸಿ, ಮೂರು ಸಲ ತಸ್ಲೀಮು ಮಾಡಬೇಕು. ರಾಜಪೂತ ರಾಜರು ಮಾತ್ರ ಕೋಟೆಯ ಒಳಗೆ ಪಹರೆಗೆ ಒಪ್ಪುತ್ತಿರಲಿಲ್ಲ, ಹೊರಗೆ ತಮ್ಮದೇ ಡೇರೆ ಹಾಕಿಕೊಂಡು ಕಾಯುತ್ತಿದ್ದರು. ಒಳಗೆ ಹೋದವರು ಹೊರಗೆ ಬರುವ ಭರವಸೆ ಅವರಿಗೆ ಇರಲಿಲ್ಲ. ನಿಷ್ಠೆ, ನಂಬಿಕೆ ಎರಡೂ ಒಂದೇ ಎಂದುಕೊಂಡವರು ಈ ಡೇರೆಗಳನ್ನು ಗಮನಿಸಬೇಕು.

ಜೈಸಿಂಗ್ ಈಗಿನ ಅಫ್ಘಾನಿಸ್ತಾನದ ಉತ್ತರದಲ್ಲಿರುವ ಬಲ್ಖಿಗೆ ಹೋದ, ಕಂದಹಾರದ ಸೋತ ಮುತ್ತಿಗೆಗಳಿಗೆ ಹೋದ, 'ಮಿರ್ಜಾ ರಾಜಾ' ಬಿರುದನ್ನು ಷಹಜಹಾನನಿಂದ ಪಡೆದ. 1658ರಲ್ಲಿ ಬಾದಶಹನ ಮಕ್ಕಳು ಕಾದಾಡತೊಡಗಿದಾಗ ಹಿರಿಯವನಾದ ದಾರಾನ ಮಗ ಸುಲೈಮಾನ್ ಶಿಕೋಹನ ಜೊತೆ ನಿಂತು, ಕಾಶಿಯ ಬಳಿಯ ಬಹಾದುರ್‌ಪುರದಲ್ಲಿ ದಾರಾನ ತಮ್ಮ ಷೂಜಾನನ್ನು ಸೋಲಿಸಿದ. ಮೇ ತಿಂಗಳಲ್ಲಿ ಸಾಮೂಗಢದಲ್ಲಿ ದಾರಾ ಸೋತ ಸುದ್ದಿ ಬಂದದ್ದೇ ತಡ, ಹುಡುಗನನ್ನು ನಡುದಾರಿಯಲ್ಲಿ ಬಿಟ್ಟು ಔರಂಗಜೇಬನ ಪಾಳೆಯಕ್ಕೆ ನಡೆದ. ದ್ರೋಹ ಎನ್ನುವವರಿದ್ದಾರೆ. ಸೋತವನ ಸಹಿಯಿರುವ ಜಾಗೀರಿನ ಪತ್ರಕ್ಕೆ ಬೆಲೆಯಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು ಎನ್ನುತ್ತೇನೆ ನಾನು.

1665ರಲ್ಲಿ ಅವನನ್ನು ಶಿವಾಜಿಯ ಮೇಲೆ ಕಳುಹಿಸಿದರು. ಅವನ ಬದುಕಿನ ಅತ್ಯಂತ ದೊಡ್ಡ ಗೆಲುವೂ ಅತ್ಯಂತ ದೊಡ್ಡ ಪೆಟ್ಟೂ ಮುಂದಿನ ಎರಡು ವರ್ಷಗಳಲ್ಲಿ ಬಂದವು. ಪುರಂದರ ಕೋಟೆಗೆ ಮುತ್ತಿಗೆ ಬಿಗಿದು, ಜೂನ್ ತಿಂಗಳಲ್ಲಿ ಶಿವಾಜಿಯನ್ನು ಒಪ್ಪಂದಕ್ಕೆ ತಂದ: 23 ಕೋಟೆಗಳು ಮೊಘಲರಿಗೆ, 12 ಶಿವಾಜಿಗೆ. ಪಾಳೆಯದಲ್ಲಿ ಫಿರಂಗಿಗಳ ಉಸ್ತುವಾರಿಗೆಂದು ವೆನಿಸ್ಸಿನ ಪ್ರವಾಸಿ ಮನೂಚಿ ಇದ್ದ. ರಾತ್ರಿ ಹೊತ್ತು ರಾಜನೂ ಅವನೂ ಒಬ್ಬ ಬ್ರಾಹ್ಮಣನೂ ಕೂತು ಇಸ್ಪೀಟು ಆಡುತ್ತಿದ್ದಾಗ ಶಿವಾಜಿಯೇ ಡೇರೆಯೊಳಗೆ ಬಂದನೆಂದೂ ಎಲ್ಲರೂ ಎದ್ದು ನಿಂತರೆಂದೂ ಮನೂಚಿ ಬರೆದಿದ್ದಾನೆ. ಮನೂಚಿಯ ಮಾತಿಗೆ ಒಂದಿಷ್ಟು ಉಪ್ಪುಖಾರ ಸೇರಿರುತ್ತದೆ, ಆದರೂ ಈ ಚಿತ್ರ ನನಗೆ ಇಷ್ಟ.

ಆಮೇಲೆ ಬಿಜಾಪುರದ ದಂಡಯಾತ್ರೆ, ನಮ್ಮ ಸೀಮೆ. ನವೆಂಬರಿನಲ್ಲಿ ಹೊರಟ ಸೈನ್ಯ ಮಂಗಳವೇಡೆಯನ್ನು ಹಿಡಿಯಿತು (ಬಸವಣ್ಣನವರು ಕಲ್ಯಾಣಕ್ಕೆ ಬರುವ ಮೊದಲು ಇದ್ದ ಊರು ಅದೇ). ಡಿಸೆಂಬರ್ ಕೊನೆಗೆ ಬಿಜಾಪುರ ಒಂದು ದಿನದ ನಡಿಗೆಯಷ್ಟು ದೂರದಲ್ಲಿತ್ತು. ಆದರೆ ಎರಡನೇ ಅಲಿ ಆದಿಲಶಾಹ ಸುಮ್ಮನೆ ಕೂತಿರಲಿಲ್ಲ. ನೌರಸಪುರ, ಶಹಾಪುರದ ಕೆರೆಗಳ ನೀರು ಬಿಡಿಸಿ, ಬಾವಿಗಳನ್ನು ಹಾಳುಗೆಡವಿ, ಮರ ಕಡಿಸಿ ಊರ ಸುತ್ತ ಬಯಲು ಮಾಡಿಸಿದ್ದ. ಕರ್ನಾಟಕದ ಕಾಲಾಳುಗಳನ್ನು ಕೋಟೆಗೆ ತುಂಬಿಸಿದ್ದ. ವೇಗವಾಗಿ ಹೋದರೆ ಕೆಲಸ ಮುಗಿಯುತ್ತದೆಂದು ಜೈಸಿಂಗ್ ದೊಡ್ಡ ಮುತ್ತಿಗೆ ಫಿರಂಗಿಗಳನ್ನೇ ತಂದಿರಲಿಲ್ಲ. ನೀರಿಲ್ಲ, ಮೇವಿಲ್ಲ, ಕೋಟೆ ಒಡೆಯುವ ತೋಪಿಲ್ಲ. 1666ರ ಜನವರಿ ಮೊದಲ ವಾರದಲ್ಲೇ ಹಿಂದೆ ತಿರುಗಿದ. ಬಾದಶಹ ಕೊಟ್ಟ ಹಣ ಸಾಲದೆ ಕೈಯಿಂದಲೇ ಸುರಿದಿದ್ದ. ಅದು ಹಿಂದಕ್ಕೆ ಬರಲಿಲ್ಲ.

ಅದೇ ವರ್ಷ, ತಾನು ಹೊಣೆ ಎಂದು ಮಾತು ಕೊಟ್ಟು ಶಿವಾಜಿಯನ್ನು ಆಗ್ರಾಕ್ಕೆ ಕಳುಹಿಸಿದ. ಮೇ 12ರ ದರ್ಬಾರಿನಲ್ಲಿ ಶಿವಾಜಿಯನ್ನು ಐದು ಸಾವಿರದ ಮನ್ಸಬ್‌ದಾರರ ಸಾಲಿನಲ್ಲಿ ನಿಲ್ಲಿಸಿದರು. ಎಳೆಯ ಮಗ ಸಂಭಾಜಿಗೂ ಕೊಟ್ಟಿದ್ದ ದರ್ಜೆ ಅದು. ಶಿವಾಜಿ ಸಿಟ್ಟಿಗೆದ್ದದ್ದು ಇದಕ್ಕೇ. ಮುಂದೆ ಕಾವಲು, ಆಗಸ್ಟಿನಲ್ಲಿ ಪರಾರಿ. ಶಿವಾಜಿ ಓಡಿಹೋಗುವುದಿಲ್ಲ ಎಂದು ಮುಚ್ಚಳಿಕೆ ಬರೆದುಕೊಟ್ಟಿದ್ದವನು ಜೈಸಿಂಗನ ಮಗ ರಾಮಸಿಂಗ್. ಅವನಿಗೆ ದರ್ಬಾರು ಮುಚ್ಚಿತು, ಮನ್ಸಬ್ ಹೋಯಿತು. ದಕ್ಷಿಣದಲ್ಲಿದ್ದ ತಂದೆ ಎಷ್ಟು ಕಂಗೆಟ್ಟನೆಂದರೆ, ತನ್ನ ಮಗನಿಗೆ ಶಿವಾಜಿಯ ಮಗಳನ್ನು ತರುವ ಮಾತುಕತೆಯ ನೆಪದಲ್ಲಿ ಕರೆಸಿ ಹಿಡಿಯುತ್ತೇನೆ ಎಂದು ವಜೀರನಿಗೆ ಬರೆಸಿದ. ಅವನ ಮುನ್ಶಿ ಉದಯರಾಜ ಬರೆದ ಪತ್ರಗಳು ಉಳಿದಿರುವುದರಿಂದ ಇದು ನಮಗೆ ತಿಳಿದಿದೆ. ಕುಲ, ಮಾನ ಎಂದರೆ ಪ್ರಾಣ ಬಿಡುವ ರಜಪೂತ ಎಂಬ ಚಿತ್ರ ಮನಸ್ಸಿನಲ್ಲಿದ್ದರೆ ಈ ಪತ್ರ ಓದುವುದು ಕಷ್ಟ.

ಬಿಟ್ಟು ಹೋಗಬಹುದಿತ್ತೇ ಎಂದು ಕೇಳಿದ್ದೀರಿ. ಎಲ್ಲಿಗೆ? ಆಮೇರೂ ಬಾದಶಹನ ದಫ್ತರದಲ್ಲಿ ಒಂದು ಜಾಗೀರೇ. ಮಾರವಾಡದ ಜಸವಂತಸಿಂಗ್ 1678ರಲ್ಲಿ ಖೈಬರಿನ ಬಾಗಿಲಲ್ಲಿರುವ ಜಮ್ರೂದಿನಲ್ಲಿ ಗಂಡು ಮಕ್ಕಳಿಲ್ಲದೆ ಸತ್ತಾಗ ಅವನ ರಾಜ್ಯವನ್ನು ಸೀದಾ ಖಾಲ್ಸಾಕ್ಕೆ, ಎಂದರೆ ಬಾದಶಹನ ನೇರ ವಶಕ್ಕೆ, ತೆಗೆದುಕೊಂಡರು. ಗಂಡು ಮಗು ಆಮೇಲೆ ಹುಟ್ಟಿತು. ಅವನ ಕುಲದ ರಾಠೋಡರು ದಶಕಗಳ ಕಾಲ ಹೋರಾಡಬೇಕಾಯಿತು.

ಜೈಸಿಂಗನ ಜಾಗಕ್ಕೆ 1667ರಲ್ಲಿ ಶಹಜಾದ ಮುಅಜ್ಜಮ್ ಬಂದ. ಅಧಿಕಾರ ವಹಿಸಿಕೊಟ್ಟು ಉತ್ತರಕ್ಕೆ ಹೊರಟ ಜೈಸಿಂಗ್ ಬುರ್ಹಾನ್‌ಪುರದಲ್ಲೇ ತೀರಿಕೊಂಡ. ವಿಷ ಹಾಕಿಸಿದರೆಂಬ ಗುಲ್ಲೂ ಎದ್ದಿತು. ರಾಮಸಿಂಗನಿಗೆ ರಾಜ ಪದವಿಯೂ 4,000ದ ಮನ್ಸಬೂ ಸಿಕ್ಕವು, ಜೊತೆಗೆ ಅಸ್ಸಾಮಿಗೆ ಹೋಗುವ ಹುಕುಂ. 1671ರಲ್ಲಿ ಸರಾಯ್‌ಘಾಟಿನಲ್ಲಿ ಅಲ್ಲಿನ ಅಹೋಮ್ ರಾಜ್ಯದ ಸೇನಾಪತಿ ಲಚಿತ್ ಬರ್ಫುಕನ್‌ನ ದೋಣಿಪಡೆ ಅವನನ್ನು ಸೋಲಿಸಿತು. ಸೋತ ಮೇಲೂ ಆ ಗಡಿಯಲ್ಲೇ ಕೂತಿದ್ದ. ವಾಪಸು ಬರಲು ಅಪ್ಪಣೆ ಸಿಕ್ಕಿದ್ದು 1676ರಲ್ಲಿ.