ಡೈಪರ್ ಕೇಳಿ ಹಾಕಿಸಿಕೊಳ್ಳುತ್ತಿದ್ದ ಹುಡುಗ

ಮೂಡಿಗೆರೆ ಕಡೆಯ ಕಾಫಿ ತೋಟದ ಮನೆ. ಗುರುತು ಸಿಗದಿರಲೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಹುಡುಗನಿಗೆ ನಾಲ್ಕು ವರ್ಷ ತುಂಬಿತ್ತು. ಮೂತ್ರಕ್ಕೆ ತಕರಾರಿಲ್ಲ, ಅಂಗಳದ ಅಂಚಿಗೆ ಹೋಗಿ ತಾನೇ ಮಾಡಿ ಬರುತ್ತಿದ್ದ. ಕಕ್ಕ ಬಂದರೆ ಮಾತ್ರ ಡೈಪರ್ ಕೇಳಿ ಹಾಕಿಸಿಕೊಂಡು, ಮಂಚದ ಹಿಂದೆ ನಿಂತೇ ಮುಗಿಸುತ್ತಿದ್ದ. ಡೈಪರ್ ಬಿಡಿಸದೆ ಎಲ್‌ಕೆಜಿಗೆ ಸೇರಿಸಿಕೊಳ್ಳುವುದಿಲ್ಲ ಎಂದು ಶಾಲೆಯವರು ಹೇಳಿದ ಮೇಲೆ ಮನೆಯವರು ಡೈಪರ್ ಬಚ್ಚಿಟ್ಟರು. ಹುಡುಗ ಮೂರು ನಾಲ್ಕು ದಿನ ತಡೆದುಕೊಳ್ಳತೊಡಗಿದ. ಆಗ ಸಲಹೆ ಕೇಳಿಕೊಂಡು ನನ್ನಲ್ಲಿಗೆ ಬಂದರು.

“ಹಟ ಮೇಡಂ, ಅವರಪ್ಪನದೇ ಹಟ” ಎಂದರು ಅಜ್ಜಿ. ಅಪ್ಪ ಕಿಟಕಿಯ ಕಡೆ ನೋಡಿದರು.

ಉಳಿದ ಸಂಗತಿಗಳನ್ನು ಕೇಳುತ್ತಾ ಹೋದಂತೆ ಇದು ಹಟವಲ್ಲ ಎನಿಸಿತು. ಅಂಗಿಯ ಕತ್ತಿನ ಲೇಬಲ್ ಕತ್ತರಿಸಿಯೇ ತೊಡಿಸಬೇಕು. ಕೈಗೆ ಅನ್ನ ಮೆತ್ತಿದರೆ ಅಳು. ಮಿಕ್ಸಿ ತಿರುಗಿದರೆ ಕಿವಿ ಮುಚ್ಚಿಕೊಂಡು ಓಟ. ಆಮೇಲೆ ಕಕ್ಕಸು ಮನೆ ಹೇಗಿದೆ ಎಂದು ಅಮ್ಮನನ್ನು ಕೇಳಿದೆ. ಹೊಸದಾಗಿ ಟೈಲ್ಸ್ ಹಾಕಿಸಿದ್ದು, ಮಾತಾಡಿದರೆ ಪ್ರತಿಧ್ವನಿ. ಲೈಟು ಹಾಕಿದರೆ ಜೊತೆಗೇ ಎಕ್ಸಾಸ್ಟ್ ಫ್ಯಾನ್ ಶುರು. ಫಿನಾಯಿಲ್ ವಾಸನೆ. ಮಳೆಗಾಲದಲ್ಲಿ ನೆಲ ಒಣಗುವುದೇ ಇಲ್ಲ. ಕಮೋಡಿನ ಮೇಲೆ ಕೂತರೆ ಕಾಲು ನೆಲಕ್ಕೆ ಎಟುಕದು. ತೊಳೆಯಲು ಪೈಪಿನ ತಣ್ಣೀರು. ದೊಡ್ಡವರಿಗೆ ಇದರಲ್ಲಿ ಯಾವುದೂ ಲೆಕ್ಕಕ್ಕಿಲ್ಲ. ಈ ಹುಡುಗನಿಗೆ ಎಲ್ಲವೂ ಒಟ್ಟಿಗೆ ಮೈಮೇಲೆ ಬೀಳುತ್ತಿದ್ದವು. ಡೈಪರ್ ಮಾತ್ರ ಬೆಚ್ಚಗೆ, ಬಿಗಿಯಾಗಿ, ಪರಿಚಿತವಾಗಿತ್ತು.

ಅಮ್ಮ ಇನ್ನೊಂದು ಮಾತು ಹೇಳಿದರು: ನಡುನಡುವೆ ಚಡ್ಡಿಗೆ ಕಲೆಯಾಗುತ್ತದೆ, ಭೇದಿ ಇರಬಹುದು. ಭೇದಿಯಲ್ಲ, ಮಲಬದ್ಧತೆಯೇ ಇರಬಹುದು ಎಂದೆ. ಕಾಲುವೆಗೆ ಕಲ್ಲು ಅಡ್ಡ ಬಿದ್ದಾಗ ಬದಿಯಿಂದ ನೀರು ಜಿನುಗುವ ಹಾಗೆ, ಗಟ್ಟಿಯಾಗಿ ನಿಂತ ಮಲದ ಪಕ್ಕದಿಂದ ತೆಳುವಾದದ್ದು ಸೋರುತ್ತದೆ. ತಡೆದಷ್ಟೂ ಗುದನಾಳ ಹಿಗ್ಗಿ, ಬರುತ್ತಿದೆ ಎಂಬ ಸೂಚನೆಯೇ ಮಂದವಾಗುತ್ತದೆ. ಬಂದಾಗ ನೋವು, ನೋವಿಗೆ ಹೆದರಿ ಮತ್ತೆ ತಡೆಯುವುದು. ಹೊಟ್ಟೆ ಸರಿಯಾಗದೆ ಯಾವ ತರಬೇತಿಯೂ ಬೇಡವೆಂದು ಮೊದಲು ಮಕ್ಕಳ ವೈದ್ಯರಲ್ಲಿಗೆ ಕಳಿಸಿದೆ. ಅವರು ಮಲಬದ್ಧತೆಯೇ ಎಂದು ಮಲ ಮೆದುವಾಗುವ ಔಷಧ ಕೊಟ್ಟರು. ದಿನವಿಡೀ ಲೋಟಗಟ್ಟಲೆ ಕುಡಿಯುತ್ತಿದ್ದ ಹಾಲನ್ನು ಇಳಿಸಿ, ನೀರು, ಸೊಪ್ಪು, ಪರಂಗಿಹಣ್ಣು ಹೆಚ್ಚಿಸಲು ಹೇಳಿದರು.

ನಾನು ಕೊಟ್ಟ ಮೊದಲ ಸಲಹೆ ಯಾರಿಗೂ ಹಿಡಿಸಲಿಲ್ಲ: ಡೈಪರ್ ವಾಪಸು ಕೊಡಿ. ಮೂರು ದಿನದಲ್ಲಿ ಕಲಿಸಿಕೊಡುವ ವಿಡಿಯೊಗಳನ್ನು ನೋಡಿ ಬಂದವರಿಗೆ ಇದು ಸೋಲಿನಂತೆ ಕಾಣುತ್ತದೆ. ಆದರೆ ಡೈಪರ್‌ನಲ್ಲಾದರೂ ದಿನಾ ಆಗುವುದು, ಡೈಪರ್ ಇಲ್ಲದೆ ತಡೆದುಕೊಳ್ಳುವುದಕ್ಕಿಂತ ಸಾವಿರ ಪಾಲು ಮೇಲು.

ಬದಲಾಯಿಸಬೇಕಾದದ್ದು ಜಾಗ. ಆ ಮನೆಯಲ್ಲಿ ಹಂಡೆ ಒಲೆಯ ಹಳೆಯ ಬಚ್ಚಲುಮನೆ ಇತ್ತು. ಬೆಚ್ಚಗೆ, ಮಬ್ಬು ಬೆಳಕು, ಫ್ಯಾನ್ ಇಲ್ಲ. ಹುಡುಗ ಅಲ್ಲಿ ಖುಷಿಯಿಂದ ಸ್ನಾನ ಮಾಡುತ್ತಿದ್ದ. ಸ್ನಾನದ ಜಾಗದಲ್ಲಿ ಇದೆಂಥದು ಎಂದು ಅಜ್ಜಿ ಮುಖ ಸಿಂಡರಿಸಿದರು. ಒಲೆಯ ಬಾಯಿಂದ ದೂರಕ್ಕೆ ಮಕ್ಕಳ ಶೌಚದ ಪಾಟಿ ಕುರ್ಚಿ ಇಡುವುದು, ಅದರ ಪಾತ್ರೆಯನ್ನು ಕೂಡಲೇ ಕಕ್ಕಸಿಗೆ ಸುರಿದು ತೊಳೆಯುವುದು ಎಂಬ ಒಪ್ಪಂದವಾಯಿತು.

ಮೊದಲು ಡೈಪರ್ ಹಾಕಿಕೊಂಡೇ ಅಲ್ಲಿ ನಿಲ್ಲುವುದು. ಅದು ರೂಢಿಯಾದ ಮೇಲೆ ಡೈಪರ್ ಸಮೇತ ಕುರ್ಚಿಯಲ್ಲಿ ಕೂರುವುದು. ಪಾದ ಪೂರ್ತಿ ಊರಿರಬೇಕು, ಮೊಣಕಾಲು ಸೊಂಟಕ್ಕಿಂತ ತುಸು ಮೇಲಿರಬೇಕು. ಆಮೇಲೆ ಡೈಪರ್‌ನ ತಳಕ್ಕೆ ಸಣ್ಣ ತೂತು, ಅದನ್ನು ಮೆಲ್ಲಮೆಲ್ಲನೆ ಹಿಗ್ಗಿಸುವುದು. ಊಟವಾದ ಸ್ವಲ್ಪ ಹೊತ್ತಿಗೆ ಕರುಳು ತಾನಾಗಿ ಚುರುಕಾಗುವುದರಿಂದ ಬೆಳಗಿನ ತಿಂಡಿಯ ನಂತರ ಐದು ನಿಮಿಷ ಕೂರಿಸಿದರೆ ಸಾಕು. ಹೊಗಳುವುದಿದ್ದರೆ ಕೂತದ್ದಕ್ಕೆ ಹೊಗಳಿ. ಕಕ್ಕ ಬರುವುದು ಅವನ ಕೈಯಲ್ಲಿಲ್ಲ. ತೊಳೆಯುವಾಗ ಹಂಡೆಯ ನೀರು ಹದ ಮಾಡಿಕೊಂಡು, “ಹಾಕುತ್ತೇನೆ” ಎಂದು ಹೇಳಿ ಹಾಕಿ.

ಲೇಬಲ್ ಚುಚ್ಚುತ್ತದೆ ಎನ್ನುವ ಮಕ್ಕಳೆಲ್ಲ ಆಟಿಸಂ ಇರುವವರಲ್ಲ. ಈ ಹುಡುಗನ ಮಾತು, ಆಟ ವಯಸ್ಸಿಗೆ ತಕ್ಕಂತಿದ್ದವು. ಅವುಗಳಲ್ಲೂ ಹಿಂದುಳಿದಂತೆ ಕಂಡರೆ ಕಾಯಬಾರದು. ಮಕ್ಕಳ ಆರೋಗ್ಯ ತಪಾಸಣೆಗೆಂದು 2013ರಲ್ಲಿ ಆರಂಭವಾದ ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ, ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ ಕೇಂದ್ರಗಳು ಜಿಲ್ಲಾ ಮಟ್ಟದಲ್ಲಿವೆ. ಅಂಗನವಾಡಿಯಲ್ಲಿ ಕೇಳಿದರೂ ದಾರಿ ಹೇಳುತ್ತಾರೆ.

ತೂತು ದೊಡ್ಡದಾಗಿ, ಸೊಂಟದ ಪಟ್ಟಿಯಷ್ಟೇ ಉಳಿದಾಗ ಹುಡುಗ ತಾನೇ ಅದನ್ನು ಬೇಡವೆಂದ. ಶಾಲೆಗೆ ಸೇರಿದ್ದಾನೆ. ಅಲ್ಲಿನ ಶೌಚಾಲಯಕ್ಕೆ ಇನ್ನೂ ಹೋಗುವುದಿಲ್ಲ. ಬೆಳಿಗ್ಗೆ ಮನೆಯಲ್ಲೇ ಆಗುವುದರಿಂದ ಅವಸರವೂ ಇಲ್ಲ, ಚೀಲದಲ್ಲಿ ಒಂದು ಚಡ್ಡಿ ಹೆಚ್ಚಿಗೆ ಇಡಲು ಹೇಳಿದ್ದೇನೆ. ಔಷಧ ನಿಲ್ಲಿಸಬಹುದೇ ಎಂದು ಅಮ್ಮ ಕಳೆದ ಸಲ ಕೇಳಿದರು. ಹಿಗ್ಗಿದ ಕರುಳು ಮೊದಲಿನಂತಾಗಲು ತಿಂಗಳುಗಳೇ ಹಿಡಿಯುತ್ತವೆ. ವೈದ್ಯರು ಇಳಿಸುತ್ತಾ ಬರುವವರೆಗೆ ನೀವಾಗಿ ನಿಲ್ಲಿಸಬೇಡಿ ಎಂದೆ.